ಕಾಯುವುದನ್ನು ಬಚ್ಚಿಡುವಂತಿಲ್ಲ: ಹಾಲಿನ ಡೈರಿಗಾಗಿ ಒಂದು ಪುಟ್ಟ ಭಾಷೆ ಕಟ್ಟಿದ ಬಗೆ

ಮಂಡ್ಯ ಜಿಲ್ಲೆಯ ಯಾವ ಊರಿನ ಹಾಲಿನ ಡೈರಿಯಾದರೂ ಸರಿ, ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಹೋಗಿ ನಿಂತರೆ ಒಂದೇ ಸಲಕ್ಕೆ ಐದಾರು ಕೆಲಸ ನಡೆಯುತ್ತಿರುತ್ತವೆ. ಒಬ್ಬರ ಹಾಲು ತಕ್ಕಡಿಯ ಮೇಲಿರುತ್ತದೆ. ಅವರಿಗಿಂತ ಮುಂಚೆ ಬಂದ ಇಬ್ಬರ ಸ್ಯಾಂಪಲ್ ಬಾಟಲಿ ಫ್ಯಾಟ್ ಯಂತ್ರದ ಪಕ್ಕ ಸಾಲಿನಲ್ಲಿರುತ್ತವೆ. ಅವರಿಗೂ ಮುಂಚಿನವರ ಚೀಟಿ ಪ್ರಿಂಟರಿನಿಂದ ಹೊರಗೆ ಬರುತ್ತಿರುತ್ತದೆ. ಕಾರ್ಯದರ್ಶಿಗಳು ಮುಂದಿನವರ ಸದಸ್ಯ ಸಂಖ್ಯೆ ಒತ್ತುತ್ತಿರುತ್ತಾರೆ. ತೂಕಕ್ಕೆ ಹತ್ತು ಸೆಕೆಂಡು ಸಾಕು. ಫ್ಯಾಟ್ ನೋಡುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಒಂದೊಂದು ಸ್ಯಾಂಪಲಿಗೂ ಅರ್ಧದಿಂದ ಒಂದು ನಿಮಿಷ ಬೇಕು. ತೊಂದರೆಯೆಲ್ಲ ಹುಟ್ಟುವುದು ಈ ಎರಡು ವೇಗಗಳ ನಡುವೆ.

ಸ್ಯಾಂಪಲಿನಲ್ಲಿ ಗಾಳಿಗುಳ್ಳೆ ಇದ್ದರೆ ಯಂತ್ರ ಅದನ್ನು ಒಪ್ಪುವುದಿಲ್ಲ, ತಪ್ಪಿನ ಸಂಕೇತ ಕಳಿಸುತ್ತದೆ. ಅದೇ ಬಾಟಲಿಯನ್ನು ಮತ್ತೆ ಇಡಬೇಕು. ಸಾಫ್ಟ್‌ವೇರ್ ಆ ಸಂಕೇತವನ್ನೂ ಒಂದು ಫಲಿತಾಂಶವೆಂದು ಎಣಿಸಿಬಿಟ್ಟರೆ ಸಾಲು ಒಂದು ಹೆಜ್ಜೆ ಜಾರುತ್ತದೆ. ಅಲ್ಲಿಂದಾಚೆಗೆ ಎಲ್ಲರಿಗೂ ತಮಗಿಂತ ಮುಂಚೆ ಬಂದವರ ಫ್ಯಾಟ್ ಬೀಳುತ್ತದೆ. ಎಮ್ಮೆ ಹಾಲು ಹಾಕಿದವರಿಗೆ ಸೀಮೆಹಸುವಿನ ದರ, ಸೀಮೆಹಸುವಿನವರಿಗೆ ಎಮ್ಮೆಯ ದರ. ತೂಕ ಸರಿ, ಫ್ಯಾಟ್ ಸರಿ, ಚೀಟಿಯೂ ಅಚ್ಚುಕಟ್ಟು. ಜೋಡಿ ಮಾತ್ರ ತಪ್ಪು. ಒಂದೊಂದನ್ನೇ ಬಿಡಿಯಾಗಿ ಪರೀಕ್ಷಿಸಿದರೆ ಈ ತಪ್ಪು ಎಂದೂ ಕೈಗೆ ಸಿಗುವುದಿಲ್ಲ.

ಇದರ ನಿಯಂತ್ರಕಕ್ಕೆ ಮೈಸೂರಿನಲ್ಲಿ ನಾವು ಮೊದಲು ಬರೆದದ್ದು ಸಿ ಭಾಷೆಯಲ್ಲಿ. ಒಟ್ಟಿಗೆ ಓಡುವ ಆರು ಕೆಲಸ, ಅಂದರೆ ಟಾಸ್ಕ್: ತಕ್ಕಡಿ, ಫ್ಯಾಟ್ ಯಂತ್ರ, ಕೀಲಿಮಣೆ, ಪ್ರಿಂಟರ್, ದಾಖಲೆ, ಸಿಮ್ ಮೋಡೆಮ್. ಅವುಗಳ ನಡುವೆ ನಾಲ್ಕು ಮ್ಯೂಟೆಕ್ಸ್, ಅಂದರೆ ಒಂದು ಹೊತ್ತಿಗೆ ಒಬ್ಬರೇ ಮುಟ್ಟುವಂತೆ ಮಾಡುವ ಬೀಗ. ಕಾಣಿಸಿಕೊಂಡ ತಪ್ಪುಗಳನ್ನು ಪಟ್ಟಿ ಮಾಡಿದಾಗ ಬಹುಪಾಲು ಎರಡೇ ಜಾತಿಯವಾಗಿದ್ದವು. ಒಂದು, ಬೀಗ ಹಾಕದೆ ಇಬ್ಬರು ಮುಟ್ಟಿದ ಚರ (ವೇರಿಯಬಲ್). ಇನ್ನೊಂದು, ಬೀಗ ಹಿಡಿದುಕೊಂಡೇ ಬೇರೆ ಯಾವುದಕ್ಕೋ ಕಾಯುತ್ತ ಕೂತ ಟಾಸ್ಕ್. ಬರೆದದ್ದನ್ನು ಯಂತ್ರದ ಭಾಷೆಗೆ ತರುವ ಸಿ ಕಂಪೈಲರ್ ಈ ಎರಡರ ಬಗ್ಗೆಯೂ ಚಕಾರ ಎತ್ತುವುದಿಲ್ಲ. ರಸ್ಟ್ ಭಾಷೆ ಬಳಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ರಸ್ಟ್ ಮೊದಲನೆಯ ಜಾತಿಯನ್ನು ಕಂಪೈಲ್ ಹೊತ್ತಿಗೇ ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ಡೆಡ್‌ಲಾಕ್ ಆಗುವ, ಅಂದರೆ ಒಬ್ಬರನ್ನೊಬ್ಬರು ಕಾಯುತ್ತ ಎಲ್ಲರೂ ನಿಂತುಹೋಗುವ ಪ್ರೋಗ್ರಾಮನ್ನು ಅಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಬರೆಯಬಹುದು. ನಮಗೆ ಎರಡೂ ಬೇಕಿತ್ತು. ಕೆಲಸಗಳ ಸಂಖ್ಯೆ ಆರಕ್ಕೆ ಸೀಮಿತವಾಗಿದ್ದು, ಓಡುವಾಗ ಹೊಸದು ಹುಟ್ಟುವುದಿಲ್ಲ ಎನ್ನುವುದು ಗೊತ್ತಿದ್ದರಿಂದ ನಮ್ಮದೇ ಒಂದು ಪುಟ್ಟ ಭಾಷೆ ಕಟ್ಟಿ ಎರಡನ್ನೂ ಸಾಧಿಸಲು ದಾರಿಯಿತ್ತು.

ಹಳೆಯ ದಾರಿಯೇ. ಕಂಪ್ಯೂಟರ್ ವಿಜ್ಞಾನಿ ಪರ್ ಬ್ರಿಂಚ್ ಹ್ಯಾನ್ಸನ್ 1975ರಲ್ಲಿ ತಂದ ಕನ್‌ಕರೆಂಟ್ ಪಾಸ್ಕಲ್ ಭಾಷೆಯಲ್ಲಿ ಪ್ರೋಸೆಸ್‌ಗಳು (ಒಟ್ಟಿಗೆ ಓಡುವ ಕೆಲಸಗಳು) ಮಾನಿಟರ್ (ಹಂಚಿಕೊಂಡ ಚರಗಳ ಬಳಿಗೆ ಒಂದು ಹೊತ್ತಿಗೆ ಒಬ್ಬರನ್ನೇ ಬಿಡುವ ಘಟಕ) ಮೂಲಕವಲ್ಲದೆ ಏನನ್ನೂ ಹಂಚಿಕೊಳ್ಳುವಂತಿರಲಿಲ್ಲ, ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ರಿಕರ್ಶನ್ ಇರಲಿಲ್ಲ, ಬೇಕಾದ ಮೆಮೊರಿಯೆಲ್ಲ ಕಂಪೈಲ್ ಹೊತ್ತಿಗೇ ಲೆಕ್ಕಕ್ಕೆ ಸಿಗುತ್ತಿತ್ತು. ಅದಾದ ಮೇಲೆ ನಿಕ್ಲಾಸ್ ವಿರ್ತ್ ತಮ್ಮ ಮಾಡ್ಯುಲಾದಲ್ಲಿ ಮಾಡ್ಯೂಲನ್ನು (ಬಿಡಿಯಾಗಿ ಬರೆದು ಜೋಡಿಸುವ ಪ್ರೋಗ್ರಾಮಿನ ತುಂಡನ್ನು) ಭಾಷೆಯ ಮೂಲ ಘಟಕವಾಗಿಸಿದರು. ಇಂದಿನ ದೊಡ್ಡ ಕಂಪ್ಯೂಟರಿಗೆ ಈ ಕಟ್ಟುಪಾಡುಗಳು ಬಿಗಿ ಎನಿಸಬಹುದು. ನಾವು ಆರಿಸಿದ ಆರ್‌ಪಿ2040 ಚಿಪ್‌ಗೆ ಅವು ಅಳತೆ ಕೊಟ್ಟು ಹೊಲಿಸಿದ ಹಾಗಿವೆ: ಎರಡು ಕಾರ್ಟೆಕ್ಸ್-ಎಂ0ಪ್ಲಸ್ ಕೋರ್, 264 ಕಿಲೋಬೈಟ್ ರ್‍ಯಾಮ್, ಬೋರ್ಡಿನ ಮೇಲೆ 2 ಮೆಗಾಬೈಟ್ ಫ್ಲ್ಯಾಶ್.

ಮೊದಲ ತೀರ್ಮಾನ ಮಾಡ್ಯೂಲಿನ ಬಗ್ಗೆ. ಮಾಡ್ಯುಲಾ-2ರಲ್ಲಿ ಹೊರಮುಖಕ್ಕೆ ಒಂದು ಫೈಲು, ಒಳಗಿನದಕ್ಕೆ ಇನ್ನೊಂದು. ನಾವು ಒಂದೇ ಫೈಲು ಇಟ್ಟುಕೊಂಡೆವು. ಹೊರಗೆ ಕಾಣಬೇಕಾದ ಹೆಸರಿನ ಮುಂದೆ ‘ಹೊರಗೆ’ ಎಂದು ಬರೆದರೆ ಆಯಿತು, ಹೊರಮುಖದ ಫೈಲನ್ನು ಕಂಪೈಲರೇ ಮಾಡಿಕೊಳ್ಳುತ್ತದೆ. ಆ ಹೊರಮುಖಕ್ಕೆ 32 ಬಿಟ್‌ನ ಒಂದು ಸಿಆರ್‌ಸಿ (ಬೈಟುಗಳಿಂದ ಲೆಕ್ಕ ಹಾಕಿದ ತಾಳೆಸಂಖ್ಯೆ) ಬೆರಳಚ್ಚು. ಆಮದು ಮಾಡಿಕೊಂಡ ಮಾಡ್ಯೂಲು ತಾನು ಕಂಡ ಬೆರಳಚ್ಚನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಲಿಂಕ್ ಮಾಡುವಾಗ ಎರಡೂ ಹೊಂದದಿದ್ದರೆ ಜೋಡಣೆ ಅಲ್ಲಿಗೇ ನಿಲ್ಲುತ್ತದೆ. ಕಾಮೆಂಟ್ ತಿದ್ದಿದರೆ, ಒಳಗಿನ ಕ್ರಮ ಬದಲಿಸಿದರೆ ಬೆರಳಚ್ಚು ಬದಲಾಗಬಾರದು. ಇಲ್ಲದಿದ್ದರೆ ಪ್ರತಿ ಸಣ್ಣ ತಿದ್ದುಪಡಿಗೂ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತ ಕೂರಬೇಕಾಗುತ್ತದೆ.

ಇಲ್ಲಿ ಒಂದು ಹಳ್ಳಕ್ಕೆ ಬಿದ್ದೆವು. ‘ಹಾಲು’ ಎಂಬ ರೆಕಾರ್ಡಿನಲ್ಲಿ ಸದಸ್ಯ ಸಂಖ್ಯೆ, ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ಸಮಯ, ಕ್ರಮಸಂಖ್ಯೆ ಸೇರಿ 20 ಬೈಟ್ ಇತ್ತು. ಒಳಗಿನ ಅಂಶಗಳನ್ನು ಹೊರಗೆ ತೋರಿಸಿರಲಿಲ್ಲ, ಆದ್ದರಿಂದ ಬೆರಳಚ್ಚಿನ ಲೆಕ್ಕಕ್ಕೂ ಅವು ಸೇರಿರಲಿಲ್ಲ. ದರಕ್ಕೆಂದು 4 ಬೈಟ್ ಸೇರಿಸಿ 24 ಮಾಡಿದಾಗ ಬೆರಳಚ್ಚು ಹಳೆಯದೇ ಉಳಿಯಿತು, ಆಮದು ಮಾಡಿಕೊಂಡಿದ್ದ ಪ್ರಿಂಟರ್ ಮಾಡ್ಯೂಲು ಮತ್ತೆ ಕಂಪೈಲ್ ಆಗಲಿಲ್ಲ, ಅದು 20 ಬೈಟ್ ಮಾತ್ರ ನಕಲು ಮಾಡಿಕೊಂಡಿತು. ಚೀಟಿಯ ಮೇಲೆ ದರದ ಜಾಗದಲ್ಲಿ ಅರ್ಥವಿಲ್ಲದ ಅಂಕಿ. ರೆಕಾರ್ಡಿನ ಒಳಗೇನಿದೆ ಎಂಬುದನ್ನು ಬಚ್ಚಿಡಬಹುದು, ಅದರ ಗಾತ್ರವನ್ನು ಬಚ್ಚಿಡಲಾಗದು, ಏಕೆಂದರೆ ನಕಲು ಮಾಡುವವರಿಗೆ ಅದು ಗೊತ್ತಿರಲೇಬೇಕು. ಬೆರಳಚ್ಚಿನ ಲೆಕ್ಕಕ್ಕೆ ಗಾತ್ರವನ್ನೂ ಅಲೈನ್‌ಮೆಂಟನ್ನೂ (ಮೆಮೊರಿಯಲ್ಲಿ ಎಂಥ ವಿಳಾಸದಿಂದ ಶುರುವಾಗಬೇಕು ಎಂಬುದನ್ನೂ) ಸೇರಿಸಿದೆವು. ಮಾಡ್ಯೂಲಿನ ಹೊರಮುಖದಲ್ಲಿ ಏನೇನು ಇರಲೇಬೇಕು ಎನ್ನುವ ಪ್ರಶ್ನೆ ಅಲ್ಲಿಂದ ನಮ್ಮನ್ನು ಬಿಡಲಿಲ್ಲ. ಮುಂದೆ ಅದಕ್ಕಿಂತ ದೊಡ್ಡ ರೂಪದಲ್ಲಿ ಬಂತು.

ಫ್ಯಾಟ್ ಅನ್ನು ದಶಮಾಂಶವಾಗಿ ಇಡದೆ ನೂರರಿಂದ ಗುಣಿಸಿದ ಪೂರ್ಣಾಂಕವಾಗಿ, ಹಣವನ್ನು ಪೈಸೆಯಲ್ಲಿ ಇಟ್ಟೆವು. ಎಂ0ಪ್ಲಸ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಯಂತ್ರಾಂಶ ಇಲ್ಲ, ಹಣದ ಲೆಕ್ಕಕ್ಕೆ ಅದು ಬೇಡವೂ ಬೇಡ. ಭಾಷೆಯಲ್ಲಿ ಆ ವಿಧವೇ ಇಲ್ಲ.

ಕೀಲಿಪದಗಳನ್ನು ಕನ್ನಡದಲ್ಲೇ ಇಟ್ಟದ್ದರಿಂದ ಮಾನಿಟರಿಗೆ ಪದ ಹುಡುಕಬೇಕಾಯಿತು. ಮೊದಲು ‘ಕಾವಲು’ ಎಂದಿಟ್ಟೆವು. ಆದರೆ ಕನ್ನಡದಲ್ಲಿ ಕಾಯುವುದು ಎಂದರೆ ನಿರೀಕ್ಷಿಸುವುದೂ ಹೌದು, ಕಾಪಾಡುವುದೂ ಹೌದು. ಮಾನಿಟರಿನ ಒಳಗೆ ಈ ಎರಡೂ ನಡೆಯುತ್ತವೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂಬುದೇ ಕಲಸಿಹೋಗುತ್ತಿತ್ತು. ಕೊನೆಗೆ ನಿಂತದ್ದು ‘ನೀರುಗಂಟಿ’. ನಾಲೆಯ ಬಯಲಿನಲ್ಲಿ ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. ಗದ್ದೆಯವರು ತಾವೇ ಹೋಗಿ ತೂಬಿಗೆ ಕೈ ಹಾಕುವಂತಿಲ್ಲ, ಅವರಿಗೆ ಹೇಳಬೇಕು, ಸರದಿ ಬಂದಾಗ ನೀರು ಬರುತ್ತದೆ. ಮಾನಿಟರ್ ಮಾಡುವುದೂ ಅದನ್ನೇ. ಒಳಗಿನ ಚರಗಳನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಒಂದು ಹೊತ್ತಿಗೆ ಒಬ್ಬರೇ ಒಳಗೆ. ಬಾಟಲಿಗಳ ಸಾಲಿನ ನೀರುಗಂಟಿ ಹೀಗಿದೆ (‘ಕ್ರಮ’ ಎಂದರೆ ಪ್ರೊಸೀಜರ್, ಹೆಸರು ಹಿಡಿದು ಕರೆಯಬಹುದಾದ ಸೂಚನೆಗಳ ಗುಂಪು):

ನೀರುಗಂಟಿ ಬಾಟಲಿಸಾಲು;
  ಬೇಕು ವಿಧಗಳು;
  ಸ್ಥಿರ ಗಾತ್ರ = 8;
  ಚರ ಸಾಲು: ಪಟ್ಟಿ [ಗಾತ್ರ] ವಿಧಗಳು.ಹಾಲು;
      ತಲೆ, ಎಣಿಕೆ: ಅಂಕಿ;

  ಹೊರಗೆ ಕ್ರಮ ಸೇರಿಸು(ಹ: ವಿಧಗಳು.ಹಾಲು) ಕಾಯುತ್ತದೆ;
    ಕಾಯು ಎಣಿಕೆ < ಗಾತ್ರ;
    ಸಾಲು[(ತಲೆ + ಎಣಿಕೆ) ಶೇಷ ಗಾತ್ರ] := ಹ;
    ಎಣಿಕೆ := ಎಣಿಕೆ + 1
  ಮುಗಿಯಿತು;

  ಹೊರಗೆ ಕ್ರಮ ಮೊದಲನೆಯದು(): ವಿಧಗಳು.ಹಾಲು ಕಾಯುತ್ತದೆ;
    ಕಾಯು ಎಣಿಕೆ > 0;
    ಕೊಡು ಸಾಲು[ತಲೆ]
  ಮುಗಿಯಿತು;

  ಹೊರಗೆ ಕ್ರಮ ತೆಗೆದುಹಾಕು();
    ಎಣಿಕೆ > 0 ಆದರೆ
      ತಲೆ := (ತಲೆ + 1) ಶೇಷ ಗಾತ್ರ;
      ಎಣಿಕೆ := ಎಣಿಕೆ - 1
    ಮುಗಿಯಿತು
  ಮುಗಿಯಿತು
ಮುಗಿಯಿತು ಬಾಟಲಿಸಾಲು.

ನೋಡುವುದು ಮತ್ತು ತೆಗೆಯುವುದು ಬೇರೆ ಬೇರೆ ಕ್ರಮಗಳಾಗಿರುವುದು ಬೇಕೆಂದೇ. ಫ್ಯಾಟ್ ಯಂತ್ರದ ಕೆಲಸ ಮೊದಲ ಬಾಟಲಿಯನ್ನು ನೋಡಿಕೊಂಡು ಫಲಿತಾಂಶಕ್ಕೆ ಕಾಯುತ್ತದೆ. ಸರಿಯಾದ ಫಲಿತಾಂಶ ಬಂದರೆ ಮಾತ್ರ ‘ತೆಗೆದುಹಾಕು’. ತಪ್ಪಿನ ಸಂಕೇತ ಬಂದರೆ ಸಾಲು ಅಲುಗುವುದಿಲ್ಲ, ಅದೇ ಬಾಟಲಿಯ ಮರುಪರೀಕ್ಷೆ ಆಗುತ್ತದೆ. ಎಮ್ಮೆ-ಸೀಮೆಹಸುವಿನ ಗೊಂದಲ ನಿಂತದ್ದು ಇಲ್ಲಿ. ರೆಕಾರ್ಡು ಒಳಕ್ಕೂ ಹೊರಕ್ಕೂ ನಕಲಾಗಿಯೇ ಹೋಗುತ್ತದೆ, ಪಾಯಿಂಟರ್ (ಮೂಲ ಇರುವ ಜಾಗದ ವಿಳಾಸ) ದಾಟುವಂತಿಲ್ಲ. 24 ಬೈಟಿನ ನಕಲಿಗೆ ತಗಲುವ ಹೊತ್ತು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

‘ಕಾಯು’ ಎಂಬ ಒಂದು ಸಾಲಿನ ಹಿಂದೆ ಬಹಳ ಚರ್ಚೆ ನಡೆದಿದೆ. ಟೋನಿ ಹೋರ್ 1974ರಲ್ಲಿ ವಿವರಿಸಿದ ಮಾನಿಟರಿನಲ್ಲಿ ಸಂಕೇತ (ಕಾದವರನ್ನು ಎಬ್ಬಿಸುವ ಕರೆ) ಕೊಟ್ಟ ಕ್ಷಣವೇ ಕಾದಿದ್ದವರಿಗೆ ಮಾನಿಟರ್ ಸಿಗುತ್ತದೆ, ಆದ್ದರಿಂದ ಎದ್ದಾಗ ಷರತ್ತು ನಿಜವಾಗಿಯೇ ಇರುತ್ತದೆ. ಮೆಸಾ ಭಾಷೆಯ ಅನುಭವವನ್ನು ಲ್ಯಾಂಪ್‌ಸನ್ ಮತ್ತು ರೆಡೆಲ್ 1980ರಲ್ಲಿ ಬರೆದರು. ಅಲ್ಲಿ ಸಂಕೇತ ಬರೀ ಸುಳಿವು. ಎದ್ದವರು ಒಳಗೆ ಬರುವಷ್ಟರಲ್ಲಿ ಬೇರೆ ಯಾರೋ ನುಗ್ಗಿ ಷರತ್ತನ್ನು ಕೆಡಿಸಿರಬಹುದು, ಹಾಗಾಗಿ ಲೂಪಿನಲ್ಲಿ ಮತ್ತೆ ನೋಡಬೇಕು. ಇಂದಿನ ಬಹುತೇಕ ಥ್ರೆಡ್ ಲೈಬ್ರರಿಗಳು ಮೆಸಾ ದಾರಿಯಲ್ಲೇ ಇವೆ, ಲೂಪಿನ ಬದಲು ಒಂದೇ ‘ಆದರೆ’ ಬರೆದು ಕೆಡುವ ತಪ್ಪೂ ಅಷ್ಟೇ ಹಳೆಯದು. ಮರೆತ ಸಂಕೇತ ಇನ್ನೊಂದು ಕಾಟ: ಎಣಿಕೆ ಬದಲಿಸಿ, ಕಾದವರನ್ನು ಎಬ್ಬಿಸುವುದನ್ನು ಬಿಟ್ಟರೆ ಅವರು ಕಾದೇ ಇರುತ್ತಾರೆ.

ನಾವು ಸಂಕೇತವನ್ನೇ ಭಾಷೆಯಿಂದ ತೆಗೆದುಬಿಟ್ಟೆವು. ಪ್ರತಿ ‘ಕಾಯು’ ಷರತ್ತನ್ನು ಕಂಪೈಲರ್ ಒಂದು ಪುಟ್ಟ ಫಂಕ್ಷನ್ ಮಾಡುತ್ತದೆ. ಯಾರಾದರೂ ನೀರುಗಂಟಿಯಿಂದ ಹೊರಡುವಾಗ ಅಥವಾ ಒಳಗೇ ಕಾಯಲು ಕೂರುವಾಗ, ಕಾದಿರುವವರ ಷರತ್ತುಗಳನ್ನು ಬಂದ ಕ್ರಮದಲ್ಲಿ ನೋಡಿ, ಮೊದಲು ನಿಜವಾದವರ ಕೈಗೆ ಬೀಗವನ್ನು ನೇರವಾಗಿ ಕೊಡುತ್ತಾರೆ. ಹೊಸಬರು ನಡುವೆ ನುಗ್ಗುವ ಸಂದಿಯೇ ಇಲ್ಲ. ಪ್ರತಿ ಸಲವೂ ಷರತ್ತುಗಳನ್ನು ಲೆಕ್ಕ ಹಾಕುವುದು ದುಬಾರಿಯಲ್ಲವೇ? ಸಾವಿರಾರು ಥ್ರೆಡ್ ಇರುವ ಸರ್ವರಿನಲ್ಲಿ ಹೌದು. ಇಲ್ಲಿ ಕಾಯುವವರು ಹೆಚ್ಚೆಂದರೆ ಐದು ಜನ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಷರತ್ತಿನಲ್ಲಿ ಆ ನೀರುಗಂಟಿಯ ಸ್ವಂತ ಚರಗಳು ಮತ್ತು ಸ್ಥಿರಗಳು ಮಾತ್ರ ಬರಬಹುದು. ಮೊದಲು ಈ ಕಟ್ಟು ಇರಲಿಲ್ಲ, ‘ಗಡಿಯಾರ ಇಷ್ಟು ದಾಟುವವರೆಗೆ ಕಾಯು’ ಎಂದು ಬರೆಯಬಹುದಿತ್ತು. ಗಡಿಯಾರ ತಾನಾಗಿ ಮುಂದೆ ಹೋಗುತ್ತದೆ; ಆದರೆ ನೀರುಗಂಟಿಯಿಂದ ಯಾರೂ ಹೊರಡದಿದ್ದರೆ ಷರತ್ತನ್ನು ಮತ್ತೆ ನೋಡುವವರಿಲ್ಲ. ಜನ ಇರುವಾಗ ಸರಿಯಾಗಿ ನಡೆದು, ಸಾಲು ಖಾಲಿಯಾದಾಗ ನಿಂತುಹೋಗುವ ವಿಚಿತ್ರ ತಪ್ಪು ಅದು. ಸಮಯಕ್ಕೆಂದು ಬೇರೆ ರೂಪ ಕೊಟ್ಟೆವು: ‘ಕಾಯು ಬಂತು ಮಿತಿ 90 ಸೆಕೆಂಡು’, ಅಂದರೆ ‘ಬಂತು’ ಎಂಬ ಷರತ್ತು ನಿಜವಾಗುವವರೆಗೆ, ಹೆಚ್ಚೆಂದರೆ 90 ಸೆಕೆಂಡು ಕಾಯು. ಮಿತಿ ಮುಗಿಯುವ ಕ್ಷಣ ಮತ್ತು ಷರತ್ತು ನಿಜವಾಗುವ ಕ್ಷಣ ಒಂದೇ ಆದರೆ ಒಬ್ಬರನ್ನೇ ಎರಡು ಸಲ ಎಬ್ಬಿಸುವ ಅಪಾಯವಿದೆ. ಆದ್ದರಿಂದ ‘ಕಾಯುತ್ತಿದ್ದಾರೆ’ ಎಂಬ ಗುರುತನ್ನು ‘ಎದ್ದಿದ್ದಾರೆ’ ಎಂದು ಬದಲಿಸುವುದು ಒಂದೇ ಸ್ಪಿನ್‌ಲಾಕಿನ (ಸಿಗುವವರೆಗೆ ಮತ್ತೆ ಮತ್ತೆ ಕೇಳುತ್ತ ಸುತ್ತುವ ಬೀಗದ) ಅಡಿಯಲ್ಲಿ. ಮೊದಲು ಬದಲಿಸಿದವರದೇ ತೀರ್ಮಾನ, ಎರಡನೆಯವರು ಸುಮ್ಮನೆ ಹಿಂತಿರುಗಬೇಕು.

ಈಗ ಆ ದೊಡ್ಡ ಪ್ರಶ್ನೆ. ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ.

ಮಾಡ್ಯೂಲಿನ ಗುಣವೇ ಬಚ್ಚಿಡುವುದು. ಡೇವಿಡ್ ಪಾರ್ನಾಸ್ 1972ರಲ್ಲಿ ಹೇಳಿದ್ದು ಅದನ್ನೇ: ಮುಂದೆ ಬದಲಾಗಬಹುದಾದ ತೀರ್ಮಾನ ಮಾಡ್ಯೂಲಿನೊಳಗೆ ಅಡಗಿರಲಿ. ಡೆಡ್‌ಲಾಕ್ ತಪ್ಪಿಸಬೇಕಾದರೆ ಮಾತ್ರ ಯಾರು ಯಾವ ಬೀಗ ಹಿಡಿದು ಯಾವುದಕ್ಕೆ ಕಾಯುತ್ತಾರೆ ಎಂಬುದು ಎಲ್ಲರಿಗೂ ಕಾಣಬೇಕು. ಎರಡೂ ಎತ್ತು ಒಂದೊಂದು ಕಡೆಗೆ ಎಳೆದ ಹಾಗೆ. ನಮ್ಮ ‘ಚೀಟಿ’ ನೀರುಗಂಟಿ ಮುದ್ರಣಕ್ಕೆ ಮುಂಚೆ ‘ದಾಖಲೆ’ಯ ಬರೆಯುವ ಕ್ರಮವನ್ನು ಕರೆಯುತ್ತಿತ್ತು. ದಾಖಲೆ ಮೊದಮೊದಲು ತಕ್ಷಣ ಬರೆದು ಮುಗಿಸುತ್ತಿತ್ತು. ಆಮೇಲೆ ಅದಕ್ಕೊಂದು ಬಫರ್ ಸೇರಿಸಿ, ತುಂಬಿದ್ದರೆ ಕಾಯುವಂತೆ ಮಾಡಿದೆವು. ಹೊರಮುಖದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಆದರೆ ಈಗ ಚೀಟಿಯ ಬೀಗ ಹಿಡಿದವರು ದಾಖಲೆಯಲ್ಲಿ ಕಾಯುತ್ತಾರೆ. ದಾಖಲೆಯ ಬಫರ್ ಖಾಲಿ ಮಾಡಬೇಕಾದವರಿಗೆ ಚೀಟಿಯಿಂದ ಸಂಖ್ಯೆಯೊಂದು ಬೇಕು. ಚೀಟಿಯ ಬಾಗಿಲು ಮುಚ್ಚಿದೆ. ಮೇಲಿನ ತೂಬಿನ ಕೀಲಿ ಜೇಬಿನಲ್ಲಿಟ್ಟುಕೊಂಡ ನೀರುಗಂಟಿ ಕೆಳಗಿನ ತೂಬಿಗೆ ನೀರು ಬರಲಿ ಎಂದು ಕಾದು ಕೂತ ಹಾಗೆ. ಮಾನಿಟರಿನೊಳಗಿಂದ ಮಾನಿಟರ್ ಕರೆಯುವ ಈ ಸಮಸ್ಯೆಗೆ 1977ರಲ್ಲೇ ಆಂಡ್ರ್ಯೂ ಲಿಸ್ಟರ್ ಹೆಸರು ಕೊಟ್ಟು ಚರ್ಚಿಸಿದ್ದರು.

ಅದಕ್ಕೇ ‘ಕಾಯುತ್ತದೆ’ ಎಂಬ ಗುರುತು ಹೊರಮುಖದ ಭಾಗವಾಯಿತು. ಒಂದು ಕ್ರಮದ ಒಳಗೆ ‘ಕಾಯು’ ಇದ್ದರೆ, ಅಥವಾ ಅದು ಕರೆಯುವ ಯಾವುದಾದರೂ ಕ್ರಮ ಕಾಯುವುದಾದರೆ, ಹೊರಗೆ ತೋರಿಸುವಾಗ ಆ ಗುರುತು ಬರೆಯಲೇಬೇಕು. ಬಿಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ನೀರುಗಂಟಿಯ ಒಳಗಿಂದ ಕಾಯುವ ಕ್ರಮವನ್ನು ಕರೆಯುವುದು ನಿಷಿದ್ಧ. ಗುರುತನ್ನು ಕಂಪೈಲರೇ ಊಹಿಸಿಕೊಳ್ಳಬಹುದಿತ್ತು, ಮಾಡ್ಯೂಲಿನ ಒಳಗಿನ ಕ್ರಮಗಳಿಗೆ ಹಾಗೇ ಮಾಡುತ್ತದೆ. ಗಡಿಯಲ್ಲಿ ಮಾತ್ರ ಬರೆಸುತ್ತೇವೆ, ಏಕೆಂದರೆ ಕಾಯದಿದ್ದ ಕ್ರಮ ಕಾಯುವಂತಾಗುವುದು ಬಳಸುವವರ ಪಾಲಿಗೆ ಬೇರೆಯೇ ಕ್ರಮ. ಗುರುತು ಬೆರಳಚ್ಚಿಗೂ ಸೇರಿರುವುದರಿಂದ ಬದಲಾದ ಕೂಡಲೇ ಆಮದು ಮಾಡಿಕೊಂಡವರೆಲ್ಲ ಮತ್ತೆ ಪರೀಕ್ಷೆಗೆ ಒಳಗಾಗುತ್ತಾರೆ.

ಎರಡನೆಯ ನಿಯಮ: ಆಮದು ಸುತ್ತು ಹಾಕಬಾರದು. ‘ಚೀಟಿ’ಗೆ ‘ದಾಖಲೆ’ ಬೇಕಾದರೆ ‘ದಾಖಲೆ’ಗೆ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ‘ಚೀಟಿ’ ಬೇಕಾಗುವಂತಿಲ್ಲ. ಇದರಿಂದ ಬೀಗಗಳಿಗೆ ತಾನಾಗಿ ಮೇಲು-ಕೆಳಗಿನ ಅನುಕ್ರಮ ಸಿಗುತ್ತದೆ. ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಪಟ್ಟಿ ಮಾಡಿದ ಡೆಡ್‌ಲಾಕಿನ ನಾಲ್ಕು ಷರತ್ತುಗಳಲ್ಲಿ ಸುತ್ತುಕಾಯುವಿಕೆ ಒಂದು. ಬೀಗಗಳ ಮಟ್ಟಿಗೆ ಅದಕ್ಕೆ ಇಲ್ಲಿ ಎಡೆಯಿಲ್ಲ. ಹಾಗೆಂದುಕೊಂಡಿದ್ದಾಗ ಕಾಲ್‌ಬ್ಯಾಕ್ ಕೈಕೊಟ್ಟಿತು. ಕ್ರಮವನ್ನೇ ಆರ್ಗ್ಯುಮೆಂಟಾಗಿ ಕೆಳಗಿನ ಮಾಡ್ಯೂಲಿಗೆ ಕೊಟ್ಟರೆ ಅದು ಆಮದೇ ಇಲ್ಲದೆ ಮೇಲಿನದನ್ನು ಕರೆಯಬಲ್ಲದು, ಆ ಅನುಕ್ರಮವೆಲ್ಲ ತಲೆಕೆಳಗು. ನೀರುಗಂಟಿಯ ಕ್ರಮಗಳಿಗೆ ಕ್ರಮ-ವಿಧದ ಆರ್ಗ್ಯುಮೆಂಟ್ ಕೊಡುವುದನ್ನು ನಿಲ್ಲಿಸಿದೆವು. ಮೋಡೆಮ್ ಮಾಡ್ಯೂಲನ್ನು ಇದಕ್ಕಾಗಿ ಪೂರ್ತಿ ಬದಲಿಸಿ ಬರೆಯಬೇಕಾಯಿತು: ‘ಸಂದೇಶ ಬಂದರೆ ಇದನ್ನು ಕರೆ’ ಎನ್ನುವ ಬದಲು ಸಂದೇಶವನ್ನು ಸಾಲಿಗೆ ಹಾಕು, ಬೇಕಾದವರು ಬಂದು ತೆಗೆದುಕೊಳ್ಳಲಿ. ಕೋಡ್ ಉದ್ದವಾಯಿತು. ಓದುವುದು ಸುಲಭವಾಯಿತು ಎಂದೇ ನಮ್ಮ ಅಭಿಪ್ರಾಯ.

ಕೆಲಸಗಳಿಗೆ ಆದ್ಯತೆಯ ಮಟ್ಟಗಳನ್ನು ಕೊಡಲಿಲ್ಲ, ಎಲ್ಲವೂ ಸರದಿಯಲ್ಲಿ ಓಡುತ್ತವೆ. 1997ರಲ್ಲಿ ಮಂಗಳನ ಮೇಲೆ ಇಳಿದ ಪಾಥ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆದದ್ದು ಆದ್ಯತೆ ತಲೆಕೆಳಗಾಗಿ: ಕೆಳಮಟ್ಟದ ಟಾಸ್ಕ್ ಬೀಗ ಹಿಡಿದಿತ್ತು, ಮಧ್ಯಮದ್ದು ಅದನ್ನು ಓಡಗೊಡಲಿಲ್ಲ, ಮೇಲಿನದು ಕಾದು ಕೂತಿತು. ಹಾಲಿನ ಡೈರಿಗೆ ಮಟ್ಟಗಳ ಅಗತ್ಯವೇ ಇಲ್ಲ. ಓಡುತ್ತಿರುವ ಕೆಲಸವನ್ನು ಹೊರಗಿನಿಂದ ಕೊಲ್ಲುವ ಸೌಲಭ್ಯವೂ ಇಲ್ಲ. ನೀರುಗಂಟಿಯ ಒಳಗಿದ್ದಾಗ ಕೊಂದರೆ ಅರ್ಧ ಬದಲಾದ ಚರಗಳು ಹಾಗೇ ಉಳಿಯುತ್ತವೆ. ಜಾವಾದಲ್ಲಿ ಥ್ರೆಡ್ ನಿಲ್ಲಿಸುವ ‘ಸ್ಟಾಪ್’ ಅನ್ನು ಬಳಸಬೇಡಿ ಎಂದದ್ದು ಇದೇ ಕಾರಣಕ್ಕೆ.

ಇನ್ನು ಚಿಪ್. ಎಂ0ಪ್ಲಸ್‌ನಲ್ಲಿ ಅಟಾಮಿಕ್ ಆಗಿ (ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ) ಓದಿ-ಬರೆಯುವ ಸೂಚನೆಗಳಿಲ್ಲ. ಅದಕ್ಕೆಂದೇ ಆರ್‌ಪಿ2040ರಲ್ಲಿ 32 ಹಾರ್ಡ್‌ವೇರ್ ಸ್ಪಿನ್‌ಲಾಕ್ ಕೊಟ್ಟಿದ್ದಾರೆ: ರಿಜಿಸ್ಟರ್ ಓದಿದಾಗ ಸೊನ್ನೆಯಲ್ಲದ್ದು ಬಂದರೆ ಬೀಗ ಸಿಕ್ಕಿತು, ಏನಾದರೂ ಬರೆದರೆ ಬಿಟ್ಟಂತೆ. ನೀರುಗಂಟಿಯ ಕ್ರಮ ನಡೆಯುವಷ್ಟು ಹೊತ್ತೂ ಅದನ್ನು ಹಿಡಿಯಬಾರದು. ಕಾಯುವವರ ಪಟ್ಟಿಯನ್ನು ತಿದ್ದುವ ಕೆಲವೇ ಸೂಚನೆಗಳ ಮಟ್ಟಿಗೆ ಸಾಕು. ಹಿಡಿಯುವ ಮುಂಚೆ ಆ ಕೋರಿನ ಇಂಟರಪ್ಟ್ (ಓಡುತ್ತಿರುವ ಕೋಡನ್ನು ತಡೆದು ನುಗ್ಗುವ ಸಾಧನದ ಕರೆ) ಮುಚ್ಚಲೇಬೇಕು. ಮುಚ್ಚದಿದ್ದರೆ, ಬೀಗ ಹಿಡಿದ ಕೋಡನ್ನು ತಡೆದು ಬಂದ ಇಂಟರಪ್ಟ್ ಅದೇ ಬೀಗಕ್ಕೆ ಸುತ್ತತೊಡಗುತ್ತದೆ. ಬಿಡಬೇಕಾದವರು ಅದರ ಅಡಿಯಲ್ಲೇ ಸಿಕ್ಕಿಕೊಂಡಿರುತ್ತಾರೆ.

ಸರಣಿ ಪೋರ್ಟ್‌ಗಳು ಎರಡೇ. ಅವನ್ನು ತಕ್ಕಡಿಗೂ ಫ್ಯಾಟ್ ಯಂತ್ರಕ್ಕೂ ಕೊಟ್ಟು, ಪ್ರಿಂಟರ್ ಮತ್ತು ಮೋಡೆಮ್ಮನ್ನು ಪಿಐಒ (ಚಿಪ್‌ನೊಳಗಿನ, ಪಿನ್‌ಗಳನ್ನು ನಮಗೆ ಬೇಕಾದಂತೆ ಆಡಿಸುವ ಭಾಗ) ಮೂಲಕ ನಡೆಸಿದೆವು. ಯಂತ್ರಗಳದು ಆರ್‌ಎಸ್-232 ಮಟ್ಟದ ವೋಲ್ಟೇಜ್, ಚಿಪ್‌ನದು 3.3 ವೋಲ್ಟ್, ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಇಲ್ಲದೆ ನೇರ ಜೋಡಿಸಿದರೆ ಪಿನ್ ಸುಟ್ಟುಹೋಗುತ್ತದೆ.

ತಕ್ಕಡಿ 9600 ಬಾಡ್‌ನಲ್ಲಿ ಕಳಿಸುತ್ತದೆ, ಒಂದು ಬೈಟಿಗೆ ಸುಮಾರು 1.04 ಮಿಲಿಸೆಕೆಂಡು. ಪೋರ್ಟಿನ ಒಳಗಿನ ಫೈಫೋ (ಬಂದ ಬೈಟುಗಳು ತಂಗುವ ಸಾಲು) 32 ಬೈಟಿನದು, 33 ಮಿಲಿಸೆಕೆಂಡಿಗೆ ತುಂಬುತ್ತದೆ. ಇದು ಏಕೆ ಮುಖ್ಯವೆಂದರೆ, ದಾಖಲೆ ಬರೆಯಲು ಫ್ಲ್ಯಾಶಿನ 4 ಕಿಲೋಬೈಟಿನ ಒಂದು ಸೆಕ್ಟರ್ ಅಳಿಸುವುದಕ್ಕೆ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ, ಕೆಟ್ಟ ಗಳಿಗೆಯಲ್ಲಿ ನೂರಾರು. ಅಷ್ಟು ಹೊತ್ತು ಫ್ಲ್ಯಾಶಿನಿಂದ ಕೋಡ್ ಓಡುವುದಿಲ್ಲ, ಎರಡೂ ಕೋರ್ ಅದನ್ನು ಮುಟ್ಟುವಂತಿಲ್ಲ. ಅಷ್ಟರಲ್ಲಿ ತಕ್ಕಡಿಯ ಬೈಟುಗಳು ತುಂಬಿ ಚೆಲ್ಲುತ್ತವೆ. ತೂಕದ ಸಂಖ್ಯೆಯ ನಡುವಿನ ಒಂದು ಅಂಕಿ ಮಾಯವಾದರೆ 12.450 ಕಿಲೋ 12.40 ಆಗಿ ಓದಿಸಿಕೊಳ್ಳುತ್ತದೆ. ನೋಡಿದವರಿಗೆ ಸಂಶಯವೇ ಬಾರದು. ಎರಡು ಉಪಾಯ ಮಾಡಿದೆವು. ಸಾಧನ ಮಾಡ್ಯೂಲಿನ ಇಂಟರಪ್ಟ್ ಕ್ರಮಗಳನ್ನು ಕಂಪೈಲರ್ ಕಡ್ಡಾಯವಾಗಿ ರ್‍ಯಾಮ್‌ನಲ್ಲಿ ಇರಿಸುತ್ತದೆ, ಅವು ಫ್ಲ್ಯಾಶಿನಲ್ಲಿರುವ ಯಾವುದನ್ನೂ ಕರೆಯದ ಹಾಗೆ ನೋಡಿಕೊಳ್ಳುತ್ತದೆ. ಇದರಿಂದ ಅಳಿಸುವಾಗಲೂ ಇಂಟರಪ್ಟ್ ತೆರೆದಿಡಬಹುದು. ಮತ್ತೆ, ಸೆಕ್ಟರ್ ಅಳಿಸುವುದು ಬೆಳಗಿನ ಸರದಿ ಮುಗಿದು ಸಂಜೆಯದು ಶುರುವಾಗುವ ನಡುವೆ. ಹಾಲು ಹಾಕುವಾಗ ಬರೀ 256 ಬೈಟಿನ ಪುಟ ಬರೆಯುವುದು, ಅದು ಮಾಮೂಲಿಗೆ ಒಂದು ಮಿಲಿಸೆಕೆಂಡೂ ಹಿಡಿಯದು.

ಸ್ಟ್ಯಾಕಿನ (ಫಂಕ್ಷನ್‌ಗಳು ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿಯ) ಲೆಕ್ಕ ಬೇಗ ಮುಗಿಯಿತು. ರಿಕರ್ಶನ್ ಇಲ್ಲದ್ದರಿಂದ ಕರೆಗಳ ಆಳ ಮೊದಲೇ ಗೊತ್ತು. ನಮ್ಮ ಕಂಪೈಲರ್ ಸಿ ಕೋಡ್ ಉಗುಳುತ್ತದೆ, ಒಂದೊಂದು ಫಂಕ್ಷನ್ ಎಷ್ಟು ಸ್ಟ್ಯಾಕ್ ತಿನ್ನುತ್ತದೆ ಎಂದು ಸಿ ಕಂಪೈಲರಾದ ಜಿಸಿಸಿ ಫೈಲಿನಲ್ಲಿ ಬರೆದುಕೊಡುತ್ತದೆ, ಎರಡನ್ನೂ ಕೂಡಿಸಿದರೆ ಆಯಿತು. ಇಂಟರಪ್ಟ್ ಬಂದಾಗ ಪ್ರೊಸೆಸರ್ ತಾನಾಗಿ ತಳ್ಳುವ ಎಂಟು ರಿಜಿಸ್ಟರುಗಳ 32 ಬೈಟನ್ನು ಮರೆಯಬಾರದು. ಸಿ ಲೈಬ್ರರಿಯ ಪ್ರಿಂಟ್‌ಎಫ್ ಬಳಗವನ್ನು ಕೈಬಿಟ್ಟೆವು. ಮೊದಲೇ ಕಂಪೈಲ್ ಆಗಿ ಬರುವುದರಿಂದ ಅದರ ಅಳತೆ ಸಿಗುವುದಿಲ್ಲ.

ಕನ್ನಡ ಅಕ್ಷರಗಳನ್ನು ಓದಿಸುವುದು ನಾವು ಎಣಿಸಿದ್ದಕ್ಕಿಂತ ಕಷ್ಟವಾಯಿತು. ‘ಕೊ’ ಎಂಬುದನ್ನು ಯೂನಿಕೋಡಿನಲ್ಲಿ ಕ ಮತ್ತು ಒಂದೇ ಒ-ಸ್ವರಚಿಹ್ನೆಯಾಗಿಯೂ ಬರೆಯಬಹುದು, ಕ ಆದ ಮೇಲೆ ಎ-ಚಿಹ್ನೆ, ಊ-ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟುಗಳು ಬೇರೆ. ಒಬ್ಬರು ಘೋಷಿಸಿದ ಚರ ಇನ್ನೊಬ್ಬರ ಕೀಲಿಮಣೆಯಲ್ಲಿ ‘ಗೊತ್ತಿಲ್ಲದ ಹೆಸರು’ ಆಗುತ್ತದೆ. ಓದಿದ ಕೂಡಲೇ ಎನ್‌ಎಫ್‌ಸಿ ರೂಪಕ್ಕೆ (ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡಿನ ಏಕರೂಪಕ್ಕೆ) ತರುವುದು ಇದಕ್ಕೆ ಮದ್ದು. ‘ಚರ್‌ಗಳು’, ‘ಚರ್ಗಳು’ ಇವುಗಳ ನಡುವಿನ ಕಾಣದ ಬಿಡಿಸುವ ಅಕ್ಷರ ಎನ್‌ಎಫ್‌ಸಿಗೆ ಬಗ್ಗುವುದಿಲ್ಲ. ಹೆಸರುಗಳನ್ನು ಹೋಲಿಸುವಾಗ ಅದನ್ನು ತೆಗೆದೇ ಹೋಲಿಸುತ್ತೇವೆ. ತಪ್ಪಿನ ಸೂಚನೆಯಲ್ಲಿ ಕಾಲಂ ಸಂಖ್ಯೆ ಕೊಡುವಾಗಲೂ ಎಚ್ಚರ ಬೇಕು: ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18.

ಪರೀಕ್ಷೆಯಲ್ಲಿ ಮಾಡ್ಯೂಲ್ ಪದ್ಧತಿ ಕೈಹಿಡಿಯಿತು. ತಕ್ಕಡಿ, ಯಂತ್ರ, ಪ್ರಿಂಟರಿನ ಮಾಡ್ಯೂಲುಗಳ ಜಾಗದಲ್ಲಿ ಅದೇ ಹೊರಮುಖ, ಅದೇ ಬೆರಳಚ್ಚಿರುವ ನಕಲಿ ಮಾಡ್ಯೂಲು ಇಟ್ಟು ಮಾಮೂಲಿ ಕಂಪ್ಯೂಟರಿನಲ್ಲಿ ಓಡಿಸಿದೆವು. ನೀರುಗಂಟಿಯ ಒಳಗೆ ಹೋಗುವ, ಹೊರಬರುವ ಪ್ರತಿ ಸಲವೂ ಮುಂದೆ ಯಾರು ಓಡಬೇಕೆಂದು ರ್‍ಯಾಂಡಮ್ ಸಂಖ್ಯೆ ತೀರ್ಮಾನಿಸುತ್ತದೆ. ಆ ರ್‍ಯಾಂಡಮ್ ಸಂಖ್ಯೆಗಳ ಸರಣಿ ಹುಟ್ಟುವ ಬೀಜಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಮುದ್ರಿಸಬೇಕು. ತಪ್ಪು ಕಂಡರೆ ಅದೇ ಬೀಜ ಕೊಟ್ಟು ಅದೇ ತಪ್ಪನ್ನು ಬೇಕಾದಷ್ಟು ಸಲ ಮರುಕಳಿಸಬಹುದು.

ಕಂಪೈಲರ್ ಹಿಡಿಯಲಾರದ ಡೆಡ್‌ಲಾಕ್ ಸಿಕ್ಕಿದ್ದು ಹಾಗೆ. ಪ್ರಿಂಟರಿನ ಕಾಗದ ಮುಗಿಯಿತು ಎನ್ನಿ. ಪ್ರಿಂಟರ್ ಕೆಲಸ ಕಾಯುತ್ತದೆ. ಚೀಟಿಗಳ ಸಾಲು ತುಂಬುತ್ತದೆ, ಫ್ಯಾಟ್ ಯಂತ್ರದ ಕೆಲಸ ಕಾಯುತ್ತದೆ. ಬಾಟಲಿಸಾಲು ಎಂಟಕ್ಕೆ ತುಂಬುತ್ತದೆ, ಅದಕ್ಕೆ ಸೇರಿಸಬೇಕಾದ ಕೀಲಿಮಣೆಯ ಕೆಲಸವೂ ಕಾಯುತ್ತದೆ. ಈಗ ಕಾರ್ಯದರ್ಶಿಗಳು ಹೊಸ ಕಾಗದದ ಸುರುಳಿ ಹಾಕಿ ‘ಮುಂದುವರಿಸು’ ಗುಂಡಿ ಒತ್ತುತ್ತಾರೆ. ಆ ಗುಂಡಿಯನ್ನು ಓದಬೇಕಾದದ್ದು ಕೀಲಿಮಣೆಯ ಕೆಲಸ. ಇಲ್ಲಿ ಯಾರ ಕೈಯಲ್ಲೂ ಬೀಗವಿಲ್ಲ, ಎಲ್ಲ ನಿಯಮಗಳೂ ಪಾಲನೆಯಾಗಿವೆ, ಆದರೂ ಎಲ್ಲರೂ ನಿಂತಿದ್ದಾರೆ. ಸಾಲಿನ ಗಾತ್ರ 8ರಿಂದ 16 ಮಾಡಿದರೆ ಇನ್ನೆಂಟು ಜನರಾದ ಮೇಲೆ ನಿಲ್ಲುತ್ತದೆ, ಅಷ್ಟೇ.

ಕೆಲಸಗಳಿಗೂ ಒಂದು ಗುರುತು ತಂದೆವು: ‘ಕಾಯದ ಕೆಲಸ’. ಅದು ತನ್ನ ಸಾಧನಕ್ಕಲ್ಲದೆ ಬೇರೆ ಯಾವುದಕ್ಕೂ ಕಾಯುವಂತಿಲ್ಲ. ‘ಕಾಯುತ್ತದೆ’ ಗುರುತಿನ ಕ್ರಮವನ್ನು ಕರೆದರೆ ಕಂಪೈಲ್ ಆಗುವುದಿಲ್ಲ. ಕೀಲಿಮಣೆಯ ಕೆಲಸ ಈಗ ಆ ಜಾತಿಯದು. ಬಾಟಲಿಸಾಲಿಗೆ ‘ಆದರೆ ಸೇರಿಸು’ (ಜಾಗವಿದ್ದರೆ ಸೇರಿಸು) ಎಂಬ ಕಾಯದ ಕ್ರಮವೊಂದು ಬಂತು. ಸಾಲು ತುಂಬಿದ್ದರೆ ಅದು ‘ಇಲ್ಲ’ ಎಂದು ಹಿಂತಿರುಗುತ್ತದೆ, ಪರದೆಯ ಮೇಲೆ ‘ಸ್ವಲ್ಪ ತಾಳಿ’ ಎಂದು ಬರುತ್ತದೆ, ಗುಂಡಿಗಳು ಕೆಲಸ ಮಾಡುತ್ತಲೇ ಇರುತ್ತವೆ. ಇಂಥ ಸುತ್ತುಗಳೆಲ್ಲವನ್ನೂ ಕಂಪೈಲರ್ ಹಿಡಿಯುವುದಿಲ್ಲ. ಯಾವ ಕೆಲಸ ಯಾವ ನೀರುಗಂಟಿಯಲ್ಲಿ ಕಾಯಬಹುದು, ಅದರಿಂದ ಎಬ್ಬಿಸಬಲ್ಲವರು ಯಾರು ಎಂಬ ಚಿತ್ರವನ್ನು ಬರೆದುಕೊಡುತ್ತದೆ. ಸುತ್ತು ಕಂಡಲ್ಲಿ ಕೆಂಪು ಗೆರೆ. ಆ ಗೆರೆ ನಿಜವಾದ ಅಪಾಯವೋ ಅಲ್ಲವೋ ಎಂದು ನೋಡುವುದು ಬರೆಯುವವರ ಪಾಲಿನದು.

ದೊಡ್ಡ ಊರಿನ ಡೈರಿಗಳಲ್ಲಿ ಎರಡು ಫ್ಯಾಟ್ ಯಂತ್ರ ಇಡುವುದುಂಟು. ಅಲ್ಲಿ ‘ಮೊದಲನೆಯದು’, ‘ತೆಗೆದುಹಾಕು’ ಎಂದು ಬಿಡಿಬಿಡಿಯಾಗಿರುವುದು ಸಾಲದು, ಇಬ್ಬರೂ ಒಂದೇ ಬಾಟಲಿಯನ್ನು ನೋಡಿಬಿಡುತ್ತಾರೆ. ‘ಹಿಡಿದುಕೊ’, ‘ಮುಗಿಸಿದೆ’, ‘ಹಿಂದಿರುಗಿಸು’ ಎಂದು ಮೂರು ಕ್ರಮ ಬೇಕು. ಹಿಡಿದ ಬಾಟಲಿಗೆ ಯಾವ ಯಂತ್ರದ್ದೆಂಬ ಗುರುತು ಬೇಕು. ಹಿಂದಿರುಗಿಸಿದ್ದು ಸಾಲಿನ ಕೊನೆಗೆ ಹೋಗದೆ ತನ್ನ ಹಳೆಯ ಜಾಗಕ್ಕೇ ಹೋಗಬೇಕು. ಹೊರಮುಖ ಬದಲಾಗುವುದರಿಂದ ಕೀಲಿಮಣೆ ಮತ್ತು ಫ್ಯಾಟ್ ಯಂತ್ರದ ಮಾಡ್ಯೂಲುಗಳು ಮತ್ತೆ ಕಂಪೈಲ್ ಆಗಬೇಕಾಗುತ್ತದೆ. ತಕ್ಕಡಿ, ಪ್ರಿಂಟರ್, ದಾಖಲೆ, ಮೋಡೆಮ್ ಮಾಡ್ಯೂಲುಗಳನ್ನು ಮುಟ್ಟಬೇಕಾಗಿಲ್ಲ.